ಚಿತ್ರಪ್ರೇಮಿಯ ಉತ್ತರಗಳು: ಮೊದಲು ಕಿವಿ, ಆಮೇಲೆ ಕಣ್ಣು

ಕಳೆದ ಸಂಚಿಕೆಯ ಬಳಿಕ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಬಯಿ ಮತ್ತು ಪುಣೆಯ ಓದುಗರವು. ಒಂದು ಗೋವಾದಿಂದ ಬಂದಿದೆ. ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿರುವುದರಿಂದ ಅದನ್ನೇ ಮೊದಲಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ (ಚೆಂಬೂರಿನ ಓದುಗರು): ಸರ್, ನೀವು ಯಾವ ಚಿತ್ರದ ಬಗ್ಗೆ ಅಭಿಪ್ರಾಯ ಹೇಳಿದರೂ ಕಥೆ, ನಟನೆಗಳಿಗಿಂತ ಮೊದಲು ಅದರ ಮಾತಿನ ಬಗ್ಗೆ ಬರೆಯುತ್ತೀರಿ. ಸಿನಿಮಾ ಕಣ್ಣಿನ ಕಲೆಯಲ್ಲವೇ? ಹೀಗೇಕೆ?

ಉತ್ತರ: ಸಿನಿಮಾ ಕಣ್ಣಿನ ಕಲೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅದು ನನ್ನೊಳಗೆ ಬಂದದ್ದು ಕಿವಿಯ ದಾರಿಯಿಂದ. ಬೈಂದೂರಿನ ಕಡೆಯ ಹಳ್ಳಿಯಿಂದ 1974ರಲ್ಲಿ ಮುಂಬಯಿಗೆ ಬಂದಾಗ ನನಗೆ 13 ವರ್ಷ. ಹಗಲು ಮಾಟುಂಗಾದ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸ, ಸಂಜೆಯ ನಂತರ ಕನ್ನಡ ರಾತ್ರಿ ಶಾಲೆ. ಗಿರಾಕಿಗಳೊಡನೆ ಹಿಂದಿ, ಅಡುಗೆಯವರೊಡನೆ ತುಳು, ತರಕಾರಿ ತರುವವನೊಡನೆ ಮರಾಠಿ ಎಂದು ದಿನ ಸಾಗುತ್ತಿತ್ತು. ಮನೆಯಲ್ಲಿ ಅಮ್ಮ ಆಡುತ್ತಿದ್ದ ಕನ್ನಡ ವಾರಗಟ್ಟಲೆ ಕಿವಿಗೆ ಬೀಳುತ್ತಿರಲಿಲ್ಲ. ಒಂದು ಭಾನುವಾರ ದೊಡ್ಡಪ್ಪನ ಮಗ ನನ್ನನ್ನು ಕಿಂಗ್ಸ್ ಸರ್ಕಲ್ ಬಳಿಯ ಅರೋರಾ ಚಿತ್ರಮಂದಿರದ ಬೆಳಗಿನ ಆಟಕ್ಕೆ ಕರೆದೊಯ್ದರು. ದಕ್ಷಿಣದ ಚಿತ್ರಗಳಿಗೆ ಹೆಸರಾಗಿದ್ದ ಆ ಚಿತ್ರಮಂದಿರದಲ್ಲಿ ಅಂದು ಇದ್ದದ್ದು ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’. ಮುಂದಿನ ಸಾಲುಗಳ ತುಂಬ ನನ್ನಂತಹ ಹೋಟೆಲ್ ಹುಡುಗರೇ ಇದ್ದರು. ನನ್ನ ಪಕ್ಕದವನು ದೋಸೆ ಕಾವಲಿಯಲ್ಲಿ ಸುಟ್ಟುಕೊಂಡ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಬಂದಿದ್ದ. ಗಲಾಟೆಯೋ ಗಲಾಟೆ. ಕಲ್ಪನಾ ಅವರ ದನಿ ಪರದೆಯಿಂದ ಕೇಳಿದ ಕೂಡಲೇ ಆ ಗಲಾಟೆ ನಿಂತುಹೋಯಿತು. ಕಥೆಯ ಸಂಕಟವೇನೆಂದು ಆ ವಯಸ್ಸಿನಲ್ಲಿ ನನಗೆ ತಿಳಿಯಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ, ಇಷ್ಟು ದೊಡ್ಡ ದನಿಯಲ್ಲಿ, ಯಾರ ಹೆದರಿಕೆಯೂ ಇಲ್ಲದೆ ಒಬ್ಬಾಕೆ ನನ್ನ ಭಾಷೆಯಲ್ಲಿ ಅಳುತ್ತಿದ್ದಾಳೆ ಎಂಬುದು ಮಾತ್ರ ತಿಳಿಯಿತು.

ಅಂದಿನಿಂದ ಇಂದಿನವರೆಗೂ ಚಿತ್ರ ಶುರುವಾದ ಹತ್ತು ನಿಮಿಷಗಳಲ್ಲಿ ನಾನು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಜನ ನಿಜವಾಗಿ ಹೀಗೆ ಮಾತನಾಡುತ್ತಾರೆಯೇ? ಗಿರೀಶ ಕಾಸರವಳ್ಳಿಯವರು ವೈದೇಹಿಯವರ ಕಥೆಯಿಂದ ಮಾಡಿದ ‘ಗುಲಾಬಿ ಟಾಕೀಸ್’ (2008) ನೋಡುವಾಗ ನನಗೆ ಅದರ ಉತ್ತರ ಮೊದಲ ದೃಶ್ಯಗಳಲ್ಲೇ ಸಿಕ್ಕಿತ್ತು. ಉಮಾಶ್ರೀಯವರು ನಮ್ಮ ಕರಾವಳಿಯವರಲ್ಲ. ಆದರೂ ಸಿನಿಮಾದ ಹುಚ್ಚಿರುವ ಆ ಸೂಲಗಿತ್ತಿಯ ಪಾತ್ರದಲ್ಲಿ ಕುಂದಾಪುರದ ಮಾತಿನ ಎಳೆತವನ್ನು ಅವರು ಹಿಡಿದ ರೀತಿ ಕೇಳಿ, ನಮ್ಮ ಊರಿನ ದೋಣಿಕಟ್ಟೆಯಲ್ಲಿ ‘ಹ್ವಾಯ್’ ಎಂದು ಕೂಗಿ ಕರೆಯುತ್ತಿದ್ದ ಹೆಂಗಸರು ಸಾಲಾಗಿ ಕಣ್ಣ ಮುಂದೆ ಬಂದರು. ಈ ಪಾತ್ರಕ್ಕೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಪ್ರಶಸ್ತಿ ಕೊಟ್ಟ ಸಮಿತಿಯವರು ಅವರ ಮುಖವನ್ನು ಮೆಚ್ಚಿರಬಹುದು. ನನ್ನ ಪ್ರಶಸ್ತಿ ಆ ನಾಲಗೆಗೆ. ಗುಲಾಬಿಯ ಮನೆಗೆ ಬಂದ ಟೀವಿಯ ಮುಂದೆ ಊರಿನ ಹೆಂಗಸರೆಲ್ಲ ಕುಳಿತಾಗ ಆ ಚಿತ್ರದಲ್ಲಿ ಕೇಳುವ ಸಣ್ಣಪುಟ್ಟ ಮಾತುಗಳಲ್ಲಿ ಒಂದು ಇಡೀ ಕೇರಿಯ ಒಳಜಗತ್ತು ಇದೆ. ಭಾಷೆಯನ್ನು ಸರಿಯಾಗಿ ಕೇಳಿಸಿಕೊಂಡ ನಿರ್ದೇಶಕ ಮನುಷ್ಯರನ್ನೂ ಸರಿಯಾಗಿ ನೋಡಿರುತ್ತಾನೆ ಎಂಬ ನನ್ನ ನಂಬಿಕೆ ಇಂತಹ ಚಿತ್ರಗಳಿಂದಲೇ ಗಟ್ಟಿಯಾಗಿದೆ.

ಪ್ರಶ್ನೆ (ಡೊಂಬಿವಲಿಯ ಹಿರಿಯ ಓದುಗರು): ನನ್ನ ಮೊಮ್ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೆ. ‘ಕಾಂತಾರ’ವನ್ನು ಅವರಿಗೆ ಹಿಂದಿಯಲ್ಲಿ ತೋರಿಸಿದೆ. ಮಗ ಬೇಸರಪಟ್ಟುಕೊಂಡ. ತೋರಿಸಿದ್ದು ತಪ್ಪೇ?

ಉತ್ತರ: ತೋರಿಸಿದ್ದು ತಪ್ಪಲ್ಲ, ಹಿರಿಯರೇ. ಆದರೆ ಇನ್ನೊಮ್ಮೆ ಕನ್ನಡದಲ್ಲಿಯೇ, ಅಡಿಬರಹದೊಂದಿಗೆ ತೋರಿಸಿ. 2022ರ ಸೆಪ್ಟೆಂಬರ್ 30ರಂದು ಈ ಚಿತ್ರ ಕನ್ನಡದಲ್ಲಿ ಬಿಡುಗಡೆಯಾದಾಗ ಮೊದಲ ವಾರದಲ್ಲೇ ನೋಡಿದೆ. ಎರಡು ವಾರಗಳ ನಂತರ ಹಿಂದಿಯ ಅವತರಣಿಕೆ ಬಂದಾಗ, ಹೋಲಿಸಿ ನೋಡಬೇಕೆಂಬ ಆಸೆಯಿಂದಲೇ ಠಾಣೆಯ ಮಲ್ಟಿಪ್ಲೆಕ್ಸೊಂದಕ್ಕೆ ಮತ್ತೆ ಹೋದೆ. ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. ದೈವದ ಆ ಕೂಗಿಗೆ ಅನುವಾದ ಬೇಕಿಲ್ಲ, ನನ್ನ ಅಕ್ಕಪಕ್ಕದ ಹಿಂದಿ ಮಾತಿನ ಪ್ರೇಕ್ಷಕರೂ ಉಸಿರು ಬಿಗಿಹಿಡಿದು ಕುಳಿತಿದ್ದರು. ಸೊರಗಿದ್ದು ಅದಕ್ಕಿಂತ ಮುಂಚಿನ ಎರಡು ಗಂಟೆಗಳು. ಹೊರಗಿನಿಂದ ಬಂದ ಅರಣ್ಯಾಧಿಕಾರಿಯ ಮಾತಿಗೂ ಊರಿನವರ ಮಾತಿಗೂ ಕನ್ನಡದಲ್ಲಿ ಇರುವ ದೂರವೇ ಆ ಕಥೆಯ ಜಗಳದ ಬೇರು. ಅವರು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳದಿರುವುದು ನಮಗೆ ಮೊದಲು ಕೇಳುತ್ತದೆ, ಆಮೇಲೆ ಕಾಣುತ್ತದೆ. ಹಿಂದಿಯಲ್ಲಿ ಎಲ್ಲರೂ ಒಂದೇ ಊರಿನವರಂತೆ ಮಾತನಾಡುತ್ತಾರೆ.

ಚಿತ್ರದ ಬಗ್ಗೆ ನನ್ನ ಅಭಿಪ್ರಾಯವನ್ನೂ ಕೇಳಿದ್ದೀರಿ. ನಾಯಕ ನಾಯಕಿಯನ್ನು ಕಾಡಿಸುವ ಆರಂಭದ ದೃಶ್ಯಗಳು ನನಗೆ ಹಿಡಿಸಲಿಲ್ಲ, ಅವುಗಳನ್ನು ಮೊಮ್ಮಕ್ಕಳ ಎದುರಿಗೆ ಸಮರ್ಥಿಸಲೂ ಬೇಡಿ. ಆದರೆ ಕೋಲ ಕಟ್ಟುವ ಮನೆತನದ ಮಗನೊಬ್ಬ ಆ ಹೊಣೆಯಿಂದ ಓಡಿ ಓಡಿ ಕೊನೆಗೆ ಅದಕ್ಕೇ ಮೈ ಒಪ್ಪಿಸುವ ಭಾಗವನ್ನು ರಿಷಬ್ ಶೆಟ್ಟಿಯವರು ನಟಿಸಿದ ಬಗೆ, ಹರಕೆಯ ಕೋಲಕ್ಕೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ನಮ್ಮ ಮುಂಬಯಿಯ ಕರಾವಳಿಯವರ ಮೈ ನಡುಗಿಸಿದ್ದು ಸುಳ್ಳಲ್ಲ.

ಪ್ರಶ್ನೆ (ಪುಣೆಯ ಹಿಂಜವಡಿಯಲ್ಲಿ ಉದ್ಯೋಗದಲ್ಲಿರುವ ಯುವ ಓದುಗರು): ನನ್ನ ಕೊಠಡಿಯಲ್ಲಿ ಇಬ್ಬರು ಮರಾಠಿ ಗೆಳೆಯರಿದ್ದಾರೆ. ಅವರಿಗೆ ಒಂದೇ ಒಂದು ಕನ್ನಡ ಚಿತ್ರ ತೋರಿಸಬೇಕೆಂದರೆ ಯಾವುದನ್ನು ತೋರಿಸಲಿ?

ಉತ್ತರ: ರಾಮ್ ರೆಡ್ಡಿಯವರ ‘ತಿಥಿ’ಯನ್ನು ತೋರಿಸಿ. ಮಂಡ್ಯದ ಸೀಮೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ, ಹಿಂದೆಂದೂ ಕ್ಯಾಮೆರಾ ಎದುರಿಸದ ಹಳ್ಳಿಗರನ್ನೇ ಪಾತ್ರಗಳಿಗೆ ಹಾಕಿ ಮಾಡಿದ ಚಿತ್ರವಿದು. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆಯಿತು. ಆರಂಭದಲ್ಲಿ 101 ವರ್ಷದ ಸೆಂಚುರಿ ಗೌಡ ಬೀದಿಬದಿಯಲ್ಲಿ ಕುಳಿತು, ಹೋಗುವ ಬರುವವರನ್ನೆಲ್ಲ ಒಬ್ಬೊಬ್ಬರಾಗಿ ಬೈಯುತ್ತಾನೆ. ಆ ಬೈಗುಳದಲ್ಲಿ ದ್ವೇಷವಿಲ್ಲ, ದಿನಚರಿಯಿದೆ. ಬೈಸಿಕೊಂಡವರೂ ಅದನ್ನು ಹಾಗೆಯೇ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಅವನು ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೂಟದವರೆಗಿನ ಕಥೆಯೇ ಉಳಿದ ಚಿತ್ರ: ಊರೂರು ಅಲೆಯುವ ಮಗ ಗಡ್ಡಪ್ಪ, ಜಮೀನು ಮಾರಲು ಹವಣಿಸುವ ಮೊಮ್ಮಗ, ಕುರಿಗಾಹಿ ಹುಡುಗಿಯ ಹಿಂದೆ ಸುತ್ತುವ ಮರಿಮಗ. ಸಾವಿನ ಮನೆಯಲ್ಲಿ ಇಷ್ಟು ನಗು ಹುಟ್ಟಿಸಿಯೂ ಸತ್ತವನಿಗೆ ಒಂದಿಷ್ಟೂ ಅಗೌರವವಾಗದಂತೆ ನಡೆಸಿಕೊಂಡು ಹೋದದ್ದು ಸಣ್ಣ ಸಾಧನೆಯಲ್ಲ. ನಿಮ್ಮ ಗೆಳೆಯರ ಮನೆಗಳಲ್ಲೂ ದಿನಕರ್ಮ, ಜಮೀನಿನ ಪಹಣಿ, ಅಣ್ಣತಮ್ಮಂದಿರ ಪಾಲು ಇದ್ದೇ ಇರುತ್ತವೆ; ಅವರಿಗೆ ಯಾವುದನ್ನೂ ವಿವರಿಸಬೇಕಾಗುವುದಿಲ್ಲ.

ಪ್ರತಿಯಾಗಿ ಅವರಿಂದ ಚೈತನ್ಯ ತಾಮ್ಹಾಣೆಯವರ ‘ಕೋರ್ಟ್’ (2014) ತೋರಿಸಿಕೊಳ್ಳಿ. ಮುಂಬಯಿಯ ಕೆಳನ್ಯಾಯಾಲಯದಲ್ಲಿ ಒಬ್ಬ ಮುದಿ ಲೋಕಶಾಹಿರನ (ಜನಪದ ಹಾಡುಗಾರನ) ಮೇಲಿನ ಮೊಕದ್ದಮೆ ಮರಾಠಿ, ಹಿಂದಿ, ಇಂಗ್ಲಿಷ್‌ಗಳ ನಡುವೆ ಹೇಗೆ ತೆವಳುತ್ತದೆ ಎಂಬುದನ್ನು ಕೇಳಿಸಿಕೊಂಡರೆ, ಈ ನಗರದಲ್ಲಿ ಐವತ್ತು ವರ್ಷ ಬಾಳಿದ ನನ್ನಂಥವನಿಗೂ ಹೊಸದೇನೋ ತಿಳಿದಂತಾಯಿತು.

ಪ್ರಶ್ನೆ (ಮುಲುಂಡ್‌ನ ಓದುಗರು): ‘ಕಸ್ತೂರಿ ನಿವಾಸ’ವನ್ನು ಬಣ್ಣದಲ್ಲಿ ನೋಡಬೇಕೋ, ಕಪ್ಪುಬಿಳುಪಿನಲ್ಲೋ?

ಉತ್ತರ: ಕಪ್ಪುಬಿಳುಪಿನಲ್ಲಿ. 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದಾಗ ಹೊಸ ಪೀಳಿಗೆ ಚಿತ್ರಮಂದಿರಕ್ಕೆ ಬಂತು, ಅದಕ್ಕಾಗಿ ಸಂತೋಷವಿದೆ. ಆದರೆ 1971ರ ಆ ಚಿತ್ರದ ಬೆಳಕು ನೆರಳುಗಳನ್ನು ಹೊಂದಿಸಿದ್ದು ಕಪ್ಪುಬಿಳುಪಿಗೆ. ಎಲ್ಲವನ್ನೂ ಕೊಟ್ಟು ಬರಿಗೈಯಾದವನು, ಮನೆಗೆ ಬಂದವರ ಊಟಕ್ಕಾಗಿ ತಾನು ಸಾಕಿದ ಪಾರಿವಾಳವನ್ನೇ ಮಾರಿದ ಮೇಲೆ, ಬಂದವರು ಅದೇ ಪಾರಿವಾಳವನ್ನು ಕೇಳುವ ಆ ಗಳಿಗೆಯಲ್ಲಿ ರಾಜಕುಮಾರ್ ಅವರ ಮುಖದಲ್ಲಿರುವ ಬೂದು ಛಾಯೆಗೆ ಯಾವ ಬಣ್ಣವೂ ಸಾಟಿಯಿಲ್ಲ.

ಪ್ರಶ್ನೆ (ಘಾಟ್ಕೋಪರ್‌ನ ಓದುಗರು): ಕಿವಿಯ ಮಾತನ್ನೇ ಆಡುತ್ತೀರಲ್ಲ, ನಿಮ್ಮ ಮೆಚ್ಚಿನ ಛಾಯಾಗ್ರಾಹಕರು ಯಾರೂ ಇಲ್ಲವೇ?

ಉತ್ತರ: ಇದ್ದಾರೆ, ಮತ್ತು ಅವರು ನಮ್ಮ ಮೈಸೂರಿನವರು: ವಿ. ಕೆ. ಮೂರ್ತಿ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದ ಅವರು, ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ತರ ಕಣ್ಣಾಗಿ ಕೆಲಸ ಮಾಡಿದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ. ಅದರ ಸೋಲು ಗುರುದತ್ತರನ್ನು ಎಷ್ಟು ಕುಗ್ಗಿಸಿತೆಂದರೆ ಅವರು ಮತ್ತೆಂದೂ ತಮ್ಮ ಹೆಸರಿನಲ್ಲಿ ನಿರ್ದೇಶಿಸಲಿಲ್ಲ. ಆ ಚಿತ್ರದಲ್ಲಿ ಗೀತಾ ದತ್ತರು ಹಾಡಿದ ಒಂದು ಹಾಡಿದೆ. ಖಾಲಿ ಸ್ಟುಡಿಯೋದಲ್ಲಿ ನಾಯಕ, ನಾಯಕಿ ದೂರದೂರ ನಿಂತಿದ್ದಾರೆ. ಇಬ್ಬರ ನಡುವೆ ಮೇಲಿನಿಂದ ಓರೆಯಾಗಿ ಒಂದು ಬೆಳಕಿನ ಕಂಬ ಇಳಿದಿದೆ. ಅದು ದೀಪದ ಬೆಳಕಲ್ಲ. ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿಯನ್ನು ನಿಲ್ಲಿಸಿ, ಅದರ ಬೆಳಕನ್ನು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಯ ಮೇಲೆ ಬೀಳಿಸಿ, ಅಲ್ಲಿಂದ ನೆಲಕ್ಕೆ ಇಳಿಸಿದ ಸೂರ್ಯನ ಬೆಳಕು. ಸ್ಟುಡಿಯೋದ ದೀಪಗಳ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಕೋಟ್ಯಂತರ ಮೈಲಿ ದೂರದ ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮಾನಾಂತರವಾಗಿ ಬರುವುದರಿಂದ ಅಂಚು ಚದುರದ ಅಂತಹ ಕಂಬ ಸಿಗುತ್ತದೆ.

ಕನ್ನಡದಲ್ಲಿ ನಾವು ಅದನ್ನು ಬಿಸಿಲುಕೋಲು ಎನ್ನುತ್ತೇವೆ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಅದರ ಪರಿಚಯ ಬಾಲ್ಯದಿಂದಲೇ ಇರುತ್ತದೆ. ಮಾಡಿನ ಗಾಜಿನ ಹೆಂಚಿನಿಂದ ಅಡುಗೆಮನೆಗೆ ಇಳಿಯುತ್ತಿದ್ದ ಕೋಲಿನೊಳಗೆ ಒಲೆಯ ಹೊಗೆ ಸುರುಳಿ ಸುರುಳಿಯಾಗಿ ಏರುವುದನ್ನು ನೋಡುತ್ತ, ಅಕ್ಕಿಯ ಗಂಜಿ ಬೇಯುವವರೆಗೆ ನಾನು ಸುಮ್ಮನೆ ಕುಳಿತಿರುತ್ತಿದ್ದೆ. ಆ ಹಾಡಿನ ದೃಶ್ಯವನ್ನು ನಾನು ಮೊದಲು ನೋಡಿದ್ದು ಸಣ್ಣ ಟೀವಿಯಲ್ಲಿ, ಎಷ್ಟೋ ವರ್ಷಗಳ ನಂತರ ದೊಡ್ಡ ಪರದೆಯಲ್ಲಿ. ದೊಡ್ಡ ಪರದೆಯಲ್ಲಿ ಆ ಬೆಳಕಿನೊಳಗೆ ತೇಲುವ ದೂಳಿನ ಕಣಗಳು ಒಂದೊಂದಾಗಿ ಕಂಡವು. ಇಬ್ಬರೂ ಒಂದು ಮಾತನ್ನೂ ಆಡದಿರುವ ಆ ದೃಶ್ಯದಲ್ಲಿ ಕಿವಿ ತಾನಾಗಿಯೇ ಕಣ್ಣಿಗೆ ದಾರಿ ಬಿಟ್ಟಿತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ ಆದರು. ಎಷ್ಟೋ ದಶಕ ಹಿಂದಿ ಚಿತ್ರರಂಗದಲ್ಲಿದ್ದ ಅವರು ಕನ್ನಡದಲ್ಲಿ ‘ಹೂವು ಹಣ್ಣು’ (1993) ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ನಮ್ಮವರು ಅವರನ್ನು ಇನ್ನಷ್ಟು ಬಾರಿ ಕರೆಯಬೇಕಿತ್ತು ಎಂಬ ನೋವು ನನಗಿದೆ.

ಪ್ರಶ್ನೆ (ಮಡಗಾಂವಿನ ಓದುಗರು): ಪಣಜಿಯ ಚಿತ್ರೋತ್ಸವಕ್ಕೆ ಈ ಸಲ ಹೋಗಬೇಕೆಂದಿದ್ದೇನೆ. ಒಂದು ಸಲಹೆ ಕೊಡಿ.

ಉತ್ತರ: 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ನಿಮ್ಮ ಮನೆಬಾಗಿಲಿಗೇ ಬಂದಿದೆ, ಖಂಡಿತ ಹೋಗಿ. ದಿನಕ್ಕೆ ಮೂರಕ್ಕಿಂತ ಹೆಚ್ಚು ಚಿತ್ರ ನೋಡಬೇಡಿ. ಒಂದು ಚಿತ್ರ ಮುಗಿದ ಮೇಲೆ ಮಾಂಡೋವಿಯ ದಂಡೆಯಲ್ಲಿ ಅರ್ಧ ಗಂಟೆ ನಡೆದು, ನೋಡಿದ್ದು ಮನಸ್ಸಿನಲ್ಲಿ ಇಳಿದ ನಂತರ ಇನ್ನೊಂದಕ್ಕೆ ಹೋಗಿ.

ಪ್ರಶ್ನೆ (ಗೋರೆಗಾಂವಿನ ಓದುಗರು, ಶಿಕ್ಷಕಿ): ಎಲ್ಲವನ್ನೂ ಬಿಟ್ಟು ಒಂದೇ ಕನ್ನಡ ಚಿತ್ರವನ್ನು ಇಟ್ಟುಕೊಳ್ಳಿ ಎಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ? ಕಾರಣ ಹೇಳಬೇಕು.

ಉತ್ತರ: ‘ಘಟಶ್ರಾದ್ಧ’. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಹೊರಬಂದ ಕಾಸರವಳ್ಳಿಯವರು ಯು. ಆರ್. ಅನಂತಮೂರ್ತಿಯವರ ಕಥೆಯಿಂದ 1977ರಲ್ಲಿ ಮಾಡಿದ ಈ ಚಿತ್ರಕ್ಕೆ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಬಂತು ಎಂಬುದು ನಿಮಗೆ ಗೊತ್ತೇ ಇದೆ. ನನ್ನ ಕಾರಣ ಬೇರೆ. ಮಲೆನಾಡಿನ ಅಗ್ರಹಾರವೊಂದರ ವೇದಪಾಠಶಾಲೆಗೆ ನಾಣಿ ಎಂಬ ಚಿಕ್ಕ ಹುಡುಗ ಓದಲು ಬರುತ್ತಾನೆ. ಗುರುಗಳ ಮಗಳು ಯಮುನಾ, ವಿಧವೆ, ಮನೆ ಬಿಟ್ಟು ಬಂದ ಆ ಮಗುವಿಗೆ ಅಕ್ಕರೆ ತೋರುವವಳು ಅವಳೊಬ್ಬಳೇ. ಅವಳು ಗರ್ಭಿಣಿಯಾಗಿದ್ದಾಳೆ ಎಂಬುದು ದೊಡ್ಡವರಿಗೆಲ್ಲ ತಿಳಿಯುತ್ತದೆ; ಅವನಿಗೆ ಮಾತ್ರ ಅರ್ಧಂಬರ್ಧ ಮಾತುಗಳು ಕಿವಿಗೆ ಬೀಳುತ್ತವೆ. ಮಂತ್ರಗಳನ್ನು ಆ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಲಾಗುತ್ತದೆ, ಒಂದು ಹೆಣ್ಣಿನ ಬದುಕನ್ನು ಮುಗಿಸುವ ಮಾತುಗಳನ್ನು ಪಿಸುಗುಟ್ಟಲಾಗುತ್ತದೆ. ಯಾವುದನ್ನು ದೊಡ್ಡ ದನಿಯಲ್ಲಿ ಆಡಬೇಕು, ಯಾವುದನ್ನು ಆಡಬಾರದು ಎಂಬ ಲೆಕ್ಕದಲ್ಲಿಯೇ ಒಂದು ಸಮಾಜ ನಿಂತಿರುವುದನ್ನು ಇಷ್ಟು ಸ್ಪಷ್ಟವಾಗಿ ನನಗೆ ಕೇಳಿಸಿದ ಚಿತ್ರ ಇನ್ನೊಂದಿಲ್ಲ. ಕೊನೆಗೆ ತಂದೆಯೇ, ಬದುಕಿರುವ ಮಗಳಿಗೆ ಸತ್ತವರಿಗೆ ಮಾಡುವ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ತಲೆ ಬೋಳಿಸಿದ ಯಮುನಾ ಮರದಡಿಯಲ್ಲಿ ಒಬ್ಬಳೇ ಕುಳಿತಿರುವಾಗ ನಾಣಿಯನ್ನು ಅವನ ಅಪ್ಪ ಊರಿಗೆ ಕರೆದೊಯ್ಯುತ್ತಾನೆ.

ಎಂಬತ್ತರ ದಶಕದಲ್ಲಿ ಮುಂಬಯಿಯ ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ ನಾನು ಇದನ್ನು ಸವೆದ ಪ್ರತಿಯಲ್ಲಿ ನೋಡಿದ್ದೆ; ಪರದೆಯ ತುಂಬ ಗೀರುಗಳಿದ್ದವು, ದನಿ ಆಗಾಗ ಒಡೆಯುತ್ತಿತ್ತು. ಹತ್ತಿರ ಕುಳಿತಿದ್ದ, ಕನ್ನಡ ಬಾರದ ಮರಾಠಿ ಹಿರಿಯರೊಬ್ಬರು ದೀಪ ಹತ್ತಿದ ಮೇಲೂ ಏಳಲಿಲ್ಲ. ಪುಣೆಯಲ್ಲಿ ಕಾಪಾಡಿಕೊಂಡು ಬಂದ ಮೂಲ ನೆಗೆಟಿವ್‌ನಿಂದ ಈಗ ಚಿತ್ರವನ್ನು ಪುನರುಜ್ಜೀವನಗೊಳಿಸಲಾಗಿದೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ನಡೆಸಿದ ಆ ಕೆಲಸದ ಫಲ 2024ರ ವೆನಿಸ್ ಚಿತ್ರೋತ್ಸವದಲ್ಲಿ ಮೊದಲಿಗೆ ಪ್ರದರ್ಶನಗೊಂಡಿತು. ನಿಮ್ಮ ಶಾಲೆಯ ಹಿರಿಯ ತರಗತಿಯ ಮಕ್ಕಳಿಗೆ ಎಂದಾದರೂ ತೋರಿಸುವ ಅವಕಾಶ ಸಿಕ್ಕಿದರೆ ಬಿಡಬೇಡಿ, ಮೇಡಂ; ಅದರ ಕಥೆಯನ್ನು ಮಾತ್ರ ಮೊದಲೇ ಹೇಳಬೇಡಿ. ಮಕ್ಕಳು ನಾಣಿಯ ಹಾಗೆಯೇ ತಿಳಿಯದೆ ಕೇಳಿಸಿಕೊಳ್ಳಲಿ.

ಪ್ರಶ್ನೆ (ಪುಣೆಯ ಕಾಲೇಜು ವಿದ್ಯಾರ್ಥಿನಿ): ನೋಡಬೇಕೆಂದು ತುಂಬ ಆಸೆಯಿದ್ದೂ ನೀವು ಇನ್ನೂ ನೋಡದ ಚಿತ್ರ ಯಾವುದು, ಸರ್?

ಉತ್ತರ: ಮಗೂ, ಅದನ್ನು ಯಾರೂ ನೋಡುವಂತಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದರ ಚಿತ್ರೀಕರಣ ನಡೆದದ್ದು ಕರ್ನಾಟಕದಲ್ಲಿ ಅಲ್ಲ, ನಿಮ್ಮ ಪುಣೆಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲಪಬಹುದಾದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅದರಲ್ಲಿ ಅಭಿನಯಿಸಿದ್ದರು. ಹೊರನಾಡಿನಲ್ಲಿ ಕನ್ನಡ ಸಿನಿಮಾ ನೋಡಿ ಬೆಳೆದ ನನಗೆ, ಕನ್ನಡ ಸಿನಿಮಾ ಮೊದಲು ಬಾಯಿ ಬಿಟ್ಟದ್ದೇ ಹೊರನಾಡಿನಲ್ಲಿ ಎಂಬ ಸಂಗತಿ ತಿಳಿದ ದಿನ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ಚಿತ್ರಗಳನ್ನು ಮುದ್ರಿಸುತ್ತಿದ್ದ ನೈಟ್ರೇಟ್ ಸುರುಳಿ ಬೇಗ ಕೆಡುವಂಥದು, ಕಿಡಿ ಸೋಕಿದರೆ ಹೊತ್ತಿ ಉರಿಯುವಂಥದು. ಸರಕಾರಿ ಚಿತ್ರಭಂಡಾರ ಹುಟ್ಟಿದ್ದೇ 1964ರಲ್ಲಿ. ಪಿ. ಕೆ. ನಾಯರ್ ಅವರಂಥವರು ಊರೂರು ಅಲೆದು ಸುರುಳಿಗಳನ್ನು ಕೂಡಿಸತೊಡಗುವ ಹೊತ್ತಿಗೆ ಎಷ್ಟೋ ಚಿತ್ರಗಳು ಹೋಗಿಬಿಟ್ಟಿದ್ದವು. ಪರದೆಯಿಂದ ಮೊದಲ ಬಾರಿಗೆ ಕೇಳಿದ ಆ ಕನ್ನಡ ಹೇಗಿತ್ತು, ನಾಟಕದ ಕಂಪನಿಯ ಎತ್ತರದ ದನಿಯಲ್ಲಿತ್ತೇ, ಮನೆಯ ಮಾತಿನ ಹದದಲ್ಲಿತ್ತೇ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ನಿಮ್ಮದು ಪುಣೆ, ಕಾಲೇಜಿನಲ್ಲಿ ಓದುತ್ತಿದ್ದೀರಿ; ಲಾ ಕಾಲೇಜು ರಸ್ತೆಯಲ್ಲಿರುವ ಆ ಚಿತ್ರಭಂಡಾರಕ್ಕೆ ಒಮ್ಮೆ ಹೋಗಿ ಬನ್ನಿ. ಈ ಅಂಕಣ ಓದುವ ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿಯ ಕಡೆಯವರಲ್ಲಿಯೂ ನನ್ನ ವಿನಂತಿಯಿದೆ. ಹಳೆಯ ಮನೆಯ ಅಟ್ಟದ ಮೇಲೆ ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಭಿತ್ತಿಪತ್ರ, ಗ್ರಾಮಫೋನ್ ತಟ್ಟೆ ಏನೇ ಸಿಕ್ಕರೂ ರದ್ದಿಯವನಿಗೆ ಕೊಡಬೇಡಿ. ತಗಡಿನ ಡಬ್ಬಿಯಲ್ಲಿ ಸುರುಳಿಯೇ ಸಿಕ್ಕರೆ ಬಿಚ್ಚಲು ಹೋಗಬೇಡಿ, ಬಿಸಿಲಿನಲ್ಲಿ ಇಡಬೇಡಿ, ಒಲೆಯ ಹತ್ತಿರವಂತೂ ಒಯ್ಯಲೇಬೇಡಿ; ಹಾಗೆಯೇ ತಂಪು ಜಾಗದಲ್ಲಿಟ್ಟು, ಮೊದಲು ಚಿತ್ರಭಂಡಾರದವರಿಗೆ ಒಂದು ಪತ್ರ ಬರೆಯಿರಿ.